ಹಿತ್ತಿಲ ಅಂಕಿ

ಪಕ್ಕದ ಮನೆಯ ದೊಡ್ಡಮ್ಮ ಅಂದು ಬೆಳಿಗ್ಗೆ ತನ್ನ ಹಾಸಿಗೆಯನ್ನು ಗಾಳಿಮೇಷ್ಟ್ರ ಹಿತ್ತಿಲಲ್ಲಿ ಒಣಹಾಕದೇ ಇದ್ದಿದ್ದರೆ ಊರಿನ ಗಾಳಿ ಒಂದೇ ದಿನದಲ್ಲಿ ಅಷ್ಟು ಕೆಡುತ್ತಿರಲಿಲ್ಲ. ಆದರೆ ಆಕೆಯ ಹಿತ್ತಿಲಿಗೆ ಬಿಸಿಲು ಬರುವುದು ಹತ್ತೂವರೆಗೆ, ಇವರ ಹಿತ್ತಿಲಿಗೆ ಆರೂವರೆಗೇ. ಮಧ್ಯದ ಗೋಡೆ ಬಿಸಿಲಿಗೆ ಅಡ್ಡವಾಗಿತ್ತೇ ಹೊರತು ದೊಡ್ಡಮ್ಮನಿಗೆ ಎಂದೂ ಅಡ್ಡವಾಗಿರಲಿಲ್ಲ.

ಗಾಳಿಮೇಷ್ಟ್ರು ಯಾವ ಶಾಲೆಯ ಮೇಷ್ಟ್ರೂ ಅಲ್ಲ. ಊರಿನ ವಾಯುಮಾಪನ ಕಚೇರಿಯ ನೌಕರ. ಹೆಗಲಿಗೆ ಒಂದು ಹಳದಿ ಪೆಟ್ಟಿಗೆ ನೇತುಹಾಕಿಕೊಂಡು, ದಿನವೂ ನಲವತ್ತು ಕಡೆ ನಿಂತು, ಹತ್ತು ಲಕ್ಷ ಪಾಲು ಗಾಳಿಯಲ್ಲಿ ಮೀಥೇನ್ ಎಷ್ಟು ಪಾಲಿದೆ ಎಂದು ಅಳೆದು ಬರೆದುಕೊಳ್ಳುವುದು ಅವರ ಕೆಲಸ. ಹನ್ನೆರಡು ವರ್ಷದ ಹಿಂದೆ ಕಚೇರಿ ಶುರುವಾದಾಗ ಇಡೀ ಸೀಮೆಯಲ್ಲಿ ಎಲ್ಲಕ್ಕಿಂತ ಶುದ್ಧವಾದ ಗಾಳಿ ಸಿಕ್ಕಿದ್ದು ಇವರ ಹಿತ್ತಿಲಲ್ಲೇ. ಅಂದಿನಿಂದ ಅದೇ ಅಳತೆಗೆ ಆಧಾರ. ಬೆಳಿಗ್ಗೆ ಹಿತ್ತಿಲಲ್ಲಿ ಹತ್ತು ನಿಮಿಷ ಪೆಟ್ಟಿಗೆ ಇಟ್ಟು ಮೊದಲ ಅಂಕಿ ಬರೆಯಬೇಕು. ಆಮೇಲೆ ನಲವತ್ತು ಕಡೆ ಸಿಕ್ಕಿದ ಅಂಕಿಗಳಿಂದ ಅದನ್ನು ಕಳೆಯಬೇಕು. ಉಳಿದದ್ದು ಊರಿನ ಪಾಪ. ಕಚೇರಿಯಲ್ಲಿ ಆ ಮೊದಲ ಅಂಕಿಗೆ ಹಿತ್ತಿಲ ಅಂಕಿ ಎಂದೇ ಹೆಸರು.

ಹೆಂಡತಿ ಇದ್ದಾಗ ಆ ಹತ್ತು ನಿಮಿಷ ಇಬ್ಬರೂ ಹಿತ್ತಿಲಲ್ಲೇ ಇರುತ್ತಿದ್ದರು. ಮೂಲೆಯಲ್ಲಿ ಅವಳದೊಂದು ಗೊಬ್ಬರದ ಗುಂಡಿ. ಸಿಪ್ಪೆ, ತೊಟ್ಟು, ಒಣಗಿದ ಎಲೆ ಎಲ್ಲವನ್ನೂ ಅದರಲ್ಲಿ ಹಾಕಿ, ದಿನಾ ಸಲಿಕೆಯಿಂದ ಅಡಿಮೇಲು ಮಾಡುತ್ತಿದ್ದಳು. ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ ಸಲಿಕೆಯನ್ನು ಗುಂಡಿಯಲ್ಲಿ ನೆಟ್ಟು, "ಯಾಕೋ ತಲೆ ಸುತ್ತುತ್ತೆ, ಒಂದು ನಿಮಿಷ ಬಂದೆ" ಎಂದು ಒಳಗೆ ಹೋಗಿ ಮಲಗಿದವಳು ಮತ್ತೆ ಏಳಲಿಲ್ಲ. ಸಲಿಕೆ ಎಡಕ್ಕೆ ತುಸು ವಾಲಿಕೊಂಡು ಅಲ್ಲೇ ನಿಂತಿತ್ತು. ಮೇಷ್ಟ್ರು ಅದನ್ನು ಮುಟ್ಟಲಿಲ್ಲ, ಯಾರಿಗೂ ಮುಟ್ಟಗೊಡಲಿಲ್ಲ. ಅವಳು ಹಾಕುತ್ತಿದ್ದ ಹಾಗೆಯೇ ಸಿಪ್ಪೆ ಮಾತ್ರ ತಪ್ಪದೆ ಹಾಕುತ್ತಿದ್ದರು. ಬೆಳಿಗ್ಗೆ ಪೆಟ್ಟಿಗೆಯ ಪಕ್ಕ ನಿಲ್ಲುವಾಗ ಗುಂಡಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು, ನೋಡಿದರೆ ಆ ದಿನ ಕೆಲಸ ಸಾಗುತ್ತಿರಲಿಲ್ಲ.

"ಎಷ್ಟು ದಿನ ಅಂತ ಹಾಗೇ ಬಿಡ್ತೀಯಪ್ಪಾ? ತೆಗೆದಿಡು ಆ ಸಲಿಕೇನ," ಎಂದಳು ದೊಡ್ಡಮ್ಮ, ಹಾಸಿಗೆಯನ್ನು ಕೋಲಿನಿಂದ ಬಡಿಯುತ್ತ.

"ಅದರ ಪಾಡಿಗೆ ಅದಿರಲಿ ದೊಡ್ಡಮ್ಮ. ಈ ಹಾಸಿಗೆ ಸ್ವಲ್ಪ ಆಚೆ ಸರಿಸಿದ್ರೆ ಪೆಟ್ಟಿಗೆ ಇಡಬಹುದಿತ್ತು."

"ಸರಿಸಿದ್ರೆ ಬಿಸಿಲು ತಪ್ಪುತ್ತೆ. ನಿನ್ನ ಗಾಳಿ ಮನೆ ಮುಂದೆ ಇಲ್ವಾ?"

ಮನೆ ಮುಂದೆಯೂ ಗಾಳಿ ಇತ್ತು. ಮೇಷ್ಟ್ರು ಮುಂಬಾಗಿಲ ಮೆಟ್ಟಿಲ ಮೇಲೆ ಪೆಟ್ಟಿಗೆ ಇಟ್ಟು, ಎರಡು ಎಂದು ಬರೆದುಕೊಂಡು ಹೊರಟರು.

ಮೊದಲ ಜಾಗ ಬಸ್ ನಿಲ್ದಾಣ. ತಿಂಗಳುಗಟ್ಟಲೆಯಿಂದ ಅಲ್ಲಿ ಸೊನ್ನೆ. ಇಂದು ಕಳೆದು ನೋಡಿದರೆ ಒಂದು ಉಳಿಯಿತು. ಮೇಷ್ಟ್ರು ಪೆಟ್ಟಿಗೆಯ ಬೆನ್ನಿಗೆ ಎರಡು ತಟ್ಟಿ ಮತ್ತೆ ಅಳೆದರು. ಆಗಲೂ ಒಂದೇ.

ಎರಡನೆಯದು ಬೇಕರಿ. ಕಚೇರಿ ಕೊಟ್ಟಿದ್ದ ಸೊನ್ನೆಯ ಪ್ರಮಾಣಪತ್ರಕ್ಕೆ ಬೇಕರಿಯವನು ಕಟ್ಟು ಹಾಕಿಸಿ, ಅಪ್ಪನ ಪಟದ ಪಕ್ಕದಲ್ಲೇ ನೇತುಹಾಕಿದ್ದ. ಮೇಷ್ಟ್ರ ಭುಜದ ಮೇಲಿಂದ ಇಣುಕಿ, ಎರಡು ಎಂದು ಓದಿದವನ ಮುಖ ಸಪ್ಪಗಾಯಿತು.

"ಎರಡು ಅಂದ್ರೆ ಸಿಡಿಯುತ್ತಾ?"

"ಛೆ, ಇಲ್ಲ. ಎರಡು ಏನೂ ಅಲ್ಲ."

"ಏನೂ ಅಲ್ಲ ಅನ್ನೋದಾದ್ರೆ ಸೊನ್ನೆಗೆ ಯಾಕೆ ಸರ್ಟಿಫಿಕೇಟ್ ಕೊಟ್ರಿ?"

ಬೇಕರಿಯವನು ಒಲೆ ಆರಿಸಿದ. ಅರೆಬೆಂದ ಬ್ರೆಡ್ಡು ಒಳಗೇ ಕುಸಿಯಿತು. ಅಂಗಡಿಯ ಮುಂದೆ ನಿಂತಿದ್ದವರಿಗೆ ಅವನು ವಿಷಯ ಹೇಳಿದ, ಅವರು ಸಿಕ್ಕಸಿಕ್ಕವರಿಗೆ ಹೇಳಿದರು. ಮೇಷ್ಟ್ರು ಲಾಂಡ್ರಿಗೆ ಹೋಗುವಷ್ಟರಲ್ಲಿ ಎರಡು ಇದ್ದದ್ದು ಇಪ್ಪತ್ತಾಗಿ ಅವರಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು.

ಮಧ್ಯಾಹ್ನದ ಹೊತ್ತಿಗೆ ಸೊನ್ನೆ ಇದ್ದ ಮೂವತ್ತಾರು ಜಾಗಗಳಲ್ಲಿ ಒಂದೂ ಸೊನ್ನೆಯಾಗಿ ಉಳಿದಿರಲಿಲ್ಲ. ಶಾಲೆಗೆ ರಜೆ ಕೊಟ್ಟರು. ಮಕ್ಕಳು ಮೇಷ್ಟ್ರಿಗೆ ಜೈಕಾರ ಹಾಕಿಕೊಂಡು ಮನೆಗೆ ಓಡಿದರು. ಮೀಥೇನಿಗೆ ವಾಸನೆಯೇ ಇಲ್ಲ. ಆದರೂ ಗ್ರಂಥಾಲಯದ ಬೀದಿಯಲ್ಲಿ ಆರು ಜನಕ್ಕೆ ಅದರ ವಾಸನೆ ಬಂತು, ಒಬ್ಬರಿಗೆ ತಲೆನೋವೂ ಬಂತು. ಅಗ್ನಿಶಾಮಕದವರು ಬಂದರು. ಗ್ಯಾಸ್ ಪೈಪಿನವರು ಬಂದು ಗ್ರಂಥಾಲಯದ ಮುಂದೆ ರಸ್ತೆ ಅಗೆಯತೊಡಗಿದರು. ಗ್ಯಾಸು ಸಿಗಲಿಲ್ಲ, ನೀರಿನ ಕೊಳವೆ ಸಿಕ್ಕಿ ಒಡೆಯಿತು.

ಸಾಹೇಬರು ಮೇಷ್ಟ್ರನ್ನು ಕರೆಸಿದರು. ಸಾಹೇಬರೆಂದರೆ ವಾಯುಮಾಪನ ಕಚೇರಿಯ ಮುಖ್ಯಸ್ಥರು. ಎಂಟು ತಿಂಗಳಿಂದ ಊರಿನ ಮೀಥೇನ್ ಇಳಿಯುತ್ತಲೇ ಇದ್ದುದರಿಂದ ಮೇಲಿನವರು ಅವರಿಗೊಂದು ಫಲಕ ಕೊಡುವುದೆಂದು ನಿಶ್ಚಯವಾಗಿತ್ತು. ಅದನ್ನಿಡಲು ಗೋಡೆಗೆ ಗಾಜಿನ ಕಪಾಟೂ ಆಗಿತ್ತು.

"ನಾಳೆ ಹನ್ನೊಂದಕ್ಕೆ ಅವರು ಬರ್ತಾರೆ," ಎಂದರು ಸಾಹೇಬರು. "ಎಲ್ಲಿ ಸೋರ್ತಿದೆ ಅಂತ ಸಂಜೆಯೊಳಗೆ ಹುಡುಕಿ. ಆಗಲ್ಲ ಅಂದ್ರೆ ಆ ಪೆಟ್ಟಿಗೆ ಇಲ್ಲೇ ಬಿಟ್ಟು ಮನೆಗೆ ಹೋಗಿ."

ಸೋರುವುದು ಒಂದು ಕಡೆ, ಎರಡು ಕಡೆ. ಮೂವತ್ತಾರು ಕಡೆ ಒಟ್ಟಿಗೆ ಸೋರುವುದುಂಟೇ? ಪೆಟ್ಟಿಗೆಯೇ ಕೆಟ್ಟಿರಬೇಕೆಂದುಕೊಂಡು, ಅದು ಸರಿಯಿದೆಯೋ ಎಂದು ಎಂದಿನ ಜಾಗದಲ್ಲಿಟ್ಟು ನೋಡಲು ಮನೆಗೆ ಬಂದರು. ದೊಡ್ಡಮ್ಮ ಹಾಸಿಗೆ ಒಳಗೆ ಒಯ್ದಾಗಿತ್ತು. ಹಿತ್ತಿಲಲ್ಲಿ ಪೆಟ್ಟಿಗೆ ಆರು ತೋರಿಸಿತು.

ಮುಂಬಾಗಿಲಿಗೆ ಒಯ್ದರು: ಎರಡು. ಹಿತ್ತಿಲಿಗೆ ತಂದರು: ಆರು. ಮೇಷ್ಟ್ರು ಹಳೆಯ ಪುಸ್ತಕ ತಿರುವಿದರು. ನಿನ್ನೆಯೂ ಆರು, ಹೋದ ತಿಂಗಳು ಐದೂವರೆ, ಅದರ ಹಿಂದೆ ಐದು, ನಾಲ್ಕು, ಮೂರು. ಎಂಟು ತಿಂಗಳ ಹಿಂದೆ ಎರಡು. ಎಲ್ಲವೂ ಅವರದೇ ಕೈಬರಹ. ಕಳೆದು ಉಳಿದದ್ದನ್ನಷ್ಟೇ ಎಲ್ಲರೂ ನೋಡುತ್ತಿದ್ದರು; ಕಳೆಯುವ ಅಂಕಿಯನ್ನು ಬರೆದವರೂ ನೋಡಿರಲಿಲ್ಲ. ಆರನ್ನು ಕಳೆದರೆ ಬೇಕರಿಯದು ಸೊನ್ನೆಗಿಂತ ಕೆಳಗೆ ಹೋಗುತ್ತಿತ್ತು, ಹಾಗೆ ಹೋದರೆ ಸೊನ್ನೆ ಎಂದು ಬರೆಯಬೇಕೆಂಬುದು ಕಚೇರಿಯ ನಿಯಮ. ಊರಿನ ಗಾಳಿ ಶುದ್ಧವಾಗಿಯೇ ಇರಲಿಲ್ಲ. ಇವರ ಹಿತ್ತಿಲು ಕೆಟ್ಟಿತ್ತು.

ಪೆಟ್ಟಿಗೆ ಹಿಡಿದು ಒಂದೊಂದೇ ಹೆಜ್ಜೆ ಇಟ್ಟರು. ಅಂಕಿ ಏರುತ್ತಾ ಹೋಯಿತು: ಹತ್ತು, ಹದಿನೆಂಟು, ನಲವತ್ತು. ಕಾಲು ಸಲಿಕೆಯ ಬಳಿ ಬಂದು ನಿಂತಿತು.

"ಕೊಳೆಯದೆ ಏನು ಮಾಡುತ್ತೆ?" ದೊಡ್ಡಮ್ಮ ಗೋಡೆಯ ಮೇಲಿಂದ ತಲೆ ಹಾಕಿದ್ದಳು. "ನೀನು ತುಂಬ್ತಾನೇ ಹೋದೆ, ಒಂದು ದಿನವಾದ್ರೂ ತಿರುವಿದ್ಯಾ? ಅವಳು ದಿನಾ ಅಡಿಮೇಲು ಮಾಡೋಳು. ಇದೂ ಉಸಿರಾಡಬೇಕು ದೊಡ್ಡಮ್ಮ, ಅನ್ನೋಳು."

ಗಾಳಿಯಾಡದ ಕಡೆ ಕೊಳೆತರೆ ಮೀಥೇನ್ ಹುಟ್ಟುತ್ತದೆ ಎಂದು ಪ್ರತಿ ವರ್ಷ ಶಾಲೆಯಲ್ಲಿ ಭಾಷಣ ಮಾಡಿ ಬರುತ್ತಿದ್ದವರು ಇದೇ ಮೇಷ್ಟ್ರು. ಈಗ ಅವರು ಗುಂಡಿಯ ಅಂಚಿನಲ್ಲಿ ಕುಳಿತುಬಿಟ್ಟರು. ಅವಳನ್ನು ಇದ್ದ ಹಾಗೆಯೇ ಉಳಿಸಿಕೊಂಡಿದ್ದೇನೆ ಎಂದುಕೊಂಡಿದ್ದರು. ಅವಳು ಉಸಿರಾಡಿಸುತ್ತಿದ್ದದ್ದನ್ನು ತಾವು ಎಂಟು ತಿಂಗಳು ಉಸಿರು ಕಟ್ಟಿಸಿದ್ದರು. ಆ ದುಃಖ ಅವಳು ಹೋದ ದಿನದ್ದಕ್ಕಿಂತ ಕಡಿಮೆಯದೇನೂ ಆಗಿರಲಿಲ್ಲ.

ಬಹಳ ಹೊತ್ತಿನ ಮೇಲೆ ಎದ್ದು ಸಲಿಕೆಗೆ ಕೈ ಹಾಕಿದರು. ಅಂಗೈಗೆ ಬೊಬ್ಬೆ ಏಳದಿರಲೆಂದು ಅವಳು ಹಿಡಿಗೆ ಸುತ್ತಿದ್ದ ಬಟ್ಟೆಯ ಪಟ್ಟಿ ಇನ್ನೂ ಗಟ್ಟಿಯಾಗಿತ್ತು. ಕಿತ್ತರು. ಅಳುತ್ತಲೇ ಅಗೆದರು, ತಿರುವಿದರು, ತಳದ್ದನ್ನು ಮೇಲೆ ತಂದು ಹರಡಿದರು. ಪೆಟ್ಟಿಗೆ ಮೊದಲು ನೂರು ದಾಟಿತು, ಆಮೇಲೆ ಇಳಿಯತೊಡಗಿತು. ಬಿಸಿಲು ಗೋಡೆ ಬಿಟ್ಟು ಹೋಗುವ ಹೊತ್ತಿಗೆ ಎರಡಕ್ಕೆ ಬಂದು ನಿಂತಿತು. ಎಂಟು ತಿಂಗಳಲ್ಲಿ ಮೊದಲ ಸಲ ಅವರಿಗೆ ಹೊಟ್ಟೆ ಹಸಿಯಿತು. ಇನ್ನು ದಿನಾ ಬೆಳಿಗ್ಗೆ ನಾನೇ ತಿರುವುತ್ತೇನೆ ಎಂದುಕೊಂಡರು.

ಕೆಲಸ ಹೋದರೆ ಹೋಗಲಿ ಎಂದು ಸಾಹೇಬರಿಗೆ ಫೋನು ಮಾಡಿ ಒಂದೂ ಬಿಡದೆ ಹೇಳಿದರು. ಕಾಲು ಗಂಟೆಯಲ್ಲಿ ಜೀಪೇ ಬಂತು.

ಸಾಹೇಬರು ನೇರ ಹಿತ್ತಿಲಿಗೆ ನಡೆದು ಗುಂಡಿಯನ್ನು ನೋಡಿದರು. ನಿಧಾನವಾಗಿ ಟೋಪಿ ತೆಗೆದರು.

"ತಿರುವಿಬಿಟ್ರಾ?"

"ಹೌದು ಸಾರ್. ಈಗ ಎರಡಿದೆ. ತಪ್ಪು ನನ್ನದೇ, ಏನು ಶಿಕ್ಷೆ ಕೊಟ್ಟರೂ..."

"ನಾಳೆ ಫಲಕ ಕೊಡೋರು ಅಳತೆ ಇಲ್ಲಿಂದಲೇ ನೋಡ್ತಾರೆ ಕಣ್ರೀ. ಆರು ಕಳೆದ್ರೆ ತಾನೇ ಊರು ಸೊನ್ನೆ?" ಸಾಹೇಬರು ಬಗ್ಗಿ ಪೆಟ್ಟಿಗೆಯ ಅಂಕಿ ನೋಡಿದರು. "ಮತ್ತೆ ಆರಾಗೋಕೆ ಎಷ್ಟು ಹೊತ್ತು ಬೇಕು?"

"ಹೋದ ಸಲ ಎಂಟು ತಿಂಗಳು ಬೇಕಾಯ್ತು ಸಾರ್."

ಸಾಹೇಬರು ಹಿತ್ತಿಲ ಉದ್ದಕ್ಕೂ ಎರಡು ಸಲ ಓಡಾಡಿದರು. ಆಮೇಲೆ ತೀರ್ಮಾನ ಹೇಳಿದರು. ನಾಳೆಗೆ ಪೆಟ್ಟಿಗೆ ರಿಪೇರಿಯಲ್ಲಿದೆ ಎನ್ನುವುದು. ಇಂದಿನ ಪುಟವನ್ನು ಪುಸ್ತಕದಿಂದ ಹರಿದು ಹಾಕುವುದು. ಕಸ ಎಷ್ಟು ಬೇಕಾದರೂ ಕಚೇರಿಯೇ ಕಳಿಸುತ್ತದೆ. ಗುಂಡಿಯ ಸುತ್ತ ಬೆಳಿಗ್ಗೆಯೇ ತಂತಿ ಬೇಲಿ, ಬೇಲಿಗೆ ಬೀಗ, ಬೀಗದ ಕೈ ಸಾಹೇಬರ ಬಳಿ.

"ಇನ್ನು ಮುಂದೆ ಇದನ್ನ ಯಾರೂ ಮುಟ್ಟಕೂಡದು. ನೀವಂತೂ ಮುಟ್ಟಲೇಕೂಡದು. ಇಷ್ಟು ದಿನ ಹೆಂಗಿತ್ತೋ ಹಂಗೇ ಇರಬೇಕು. ನಿಮಗೂ ಅದೇ ತಾನೇ ಬೇಕಾಗಿದ್ದದ್ದು?"

ಮೇಷ್ಟ್ರು ಗೋಡೆಗೆ ಒರಗಿಸಿಟ್ಟಿದ್ದ ಸಲಿಕೆಯತ್ತ ನೋಡಿದರು.

"ಆ ಸಲಿಕೆ ಎಲ್ಲಿತ್ತೋ ಅಲ್ಲೇ ನಿಲ್ಲಿಸಿ," ಎಂದು ಸಾಹೇಬರು ಜೀಪು ಹತ್ತಿದರು.

ಮೇಷ್ಟ್ರು ನಿಲ್ಲಿಸಿದರು. ಸಡಿಲವಾದ ಗೊಬ್ಬರದಲ್ಲಿ ಅದು ನಿಲ್ಲದೆ ಬಿತ್ತು. ಇನ್ನಷ್ಟು ಆಳಕ್ಕೆ ಒತ್ತಿದರು, ಬಲಕ್ಕೆ ಬಿತ್ತು.

"ಅವಳು ಎಡಕ್ಕೆ ವಾಲಿಸಿದ್ಲಪ್ಪಾ," ಎಂದಳು ದೊಡ್ಡಮ್ಮ ಗೋಡೆಯ ಮೇಲಿಂದ, ಎಂದೂ ಇಲ್ಲದಷ್ಟು ಮೆತ್ತಗೆ.

ಎಡಕ್ಕೆ ವಾಲಿಸಿದರು. ಕೈ ಬಿಟ್ಟರೆ ಬೀಳುತ್ತಿತ್ತು. ಜೀಪಿನ ಸದ್ದು ಬೀದಿಯ ತಿರುವು ದಾಟಿ ಹೋದ ಮೇಲೂ ಮೇಷ್ಟ್ರು ಬಟ್ಟೆ ಸುತ್ತಿದ ಆ ಹಿಡಿಯನ್ನು ಹಿಡಿದುಕೊಂಡೇ ನಿಂತಿದ್ದರು.