ಸುಪ್ರೀಂ ಕೋರ್ಟಿಗೆ ಒಂದು ಏಣಿ

ಕೊಟ್ಟಿದ್ದನ್ನು ವಾಪಸ್ ಕೇಳುವುದೆಂದರೆ ಆರ್ವಿಲ್ ಪಿಂಕ್‌ನಿಗೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ. ಪಕ್ಕದ ಮನೆಯ ಜಡ್ಜ್ ಹಾಲ್‌ವರ್ಸನ್ ನಾಲ್ಕು ವರ್ಷದ ಹಿಂದೆ "ಹತ್ತು ನಿಮಿಷ ಕೊಡಪ್ಪ" ಎಂದು ಒಯ್ದ ಅಲ್ಯೂಮಿನಿಯಂ ಏಣಿ ಇನ್ನೂ ಅವರ ಗ್ಯಾರೇಜಿನಲ್ಲೇ ಒರಗಿತ್ತು. ದಿನಾ ಬೆಳಗ್ಗೆ ಬೇಲಿಯಾಚೆ ಅದು ಕಣ್ಣಿಗೆ ಬೀಳುತ್ತಿತ್ತು. ದಿನಾ ಆರ್ವಿಲ್ "ಗುಡ್ ಮಾರ್ನಿಂಗ್ ಜಡ್ಜ್" ಎಂದು ಹಲ್ಲು ಕಿರಿದು ಒಳಗೆ ಬರುತ್ತಿದ್ದ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ಜಾಗವಿಲ್ಲ ಎನ್ನುವ ಮಾತು ಇಂಥವರನ್ನು ನೋಡಿಯೇ ಹುಟ್ಟಿರಬೇಕು.

ನವೆಂಬರಿನ ಆ ಮಂಗಳವಾರ ಮಾತ್ರ ಹಾಗೆ ಬಿಡುವಂತಿರಲಿಲ್ಲ. ಸೂರಿನಂಚಿನಲ್ಲಿ ಮಳೆನೀರು ಹರಿಯುವ ತಗಡಿನ ದೋಣಿಯಲ್ಲಿ ಓಕ್ ಮರದ ಎಲೆ ತುಂಬಿ ಕಟ್ಟಿಕೊಂಡಿತ್ತು. ಸಂಜೆಗೆ ಮಳೆ ಎಂದು ಟಿವಿಯವರು ಹೇಳಿದ್ದರು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆಂದು ಒಹಾಯೋದಿಂದ ಅತ್ತೆ ಮರುದಿನವೇ ಬರುವವರಿದ್ದರು. ಹೋದ ವರ್ಷ ಅದೇ ದೋಣಿ ಉಕ್ಕಿ, ನೀರು ಸೂರಿನೊಳಗೆ ಸೋರಿ ನೇರವಾಗಿ ಗಾಢನಿದ್ದೆಯಲ್ಲಿದ್ದ ಅತ್ತೆಯ ಮೇಲೆ ಸುರಿದಿತ್ತು.

"ರೀ, ಈ ಸಲ ನಮ್ಮಮ್ಮನ ಮೇಲೆ ಒಂದು ಹನಿ ಬಿದ್ರೂ ನೀವು ಗ್ಯಾರೇಜಲ್ಲಿ ಮಲಗ್ತೀರ," ಎಂದಳು ಹೆಂಡತಿ ಡಾರ್ಲೀನ್. "ಹೋಗಿ ಏಣಿ ಇಸ್ಕೊಂಡು ಬನ್ನಿ."

"ನಿನ್ನೆ ರಾತ್ರಿ ತಾನೇ ಅಧ್ಯಕ್ಷರು ಅವರನ್ನ ಸುಪ್ರೀಂ ಕೋರ್ಟಿಗೆ ಹೆಸರಿಸಿದ್ದಾರೆ ಕಣೇ. ಇವತ್ತು ಹೋಗಿ ಏಣಿ ಕೇಳೋಕಾಗುತ್ತಾ?"

"ಯಾಕೆ, ಸುಪ್ರೀಂ ಕೋರ್ಟನ್ನ ನಿಮ್ಮ ಏಣಿ ಹಾಕ್ಕೊಂಡೇ ಹತ್ತಬೇಕಂತಾ?"

ಅಷ್ಟರಲ್ಲಿ ಬಾಗಿಲ ಗಂಟೆ ಮೊಳಗಿತು. ಕಪ್ಪು ಸೂಟಿನ ಸರ್ಕಾರಿ ಅಧಿಕಾರಿ. ಕೋರ್ಟಿಗೆ ಹೆಸರಿಸಲಾದವರ ನಡತೆಯನ್ನು ಅಕ್ಕಪಕ್ಕದವರಲ್ಲಿ ವಿಚಾರಿಸುವುದು ವಾಡಿಕೆ. ಅವನ ಕಾರು ಕಂಡದ್ದೇ ಎದುರುಮನೆಯ ಮ್ಯಾಕ್ಸೀನ್ ಕೂಡ "ಬಿಸಿ ಕೇಕು ಮಾಡಿದ್ದೆ" ಎಂದು ಹಿಂದೆಯೇ ನುಗ್ಗಿ ಸೋಫಾದಲ್ಲಿ ಪ್ರತಿಷ್ಠಾಪನೆಗೊಂಡಳು.

"ಜಡ್ಜ್ ಬಗ್ಗೆ ಏನಾದ್ರೂ ತಕರಾರು ಇದೆಯಾ?" ಎಂದು ಅಧಿಕಾರಿ ಕೇಳಿದ.

"ಎಲ್ಲಾದ್ರೂ ಉಂಟೇ? ದೇವರಂಥ ಮನುಷ್ಯ."

ಆರ್ವಿಲ್ ಅಲ್ಲಿಗೆ ಬಾಯಿ ಮುಚ್ಚಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಡಾರ್ಲೀನ್ ಅಡುಗೆಮನೆಯಿಂದ ಕಣ್ಣು ಕೆಕ್ಕರಿಸಿದಳು. ಈ ಅಧಿಕಾರಿ ಹೇಗೂ ಪಕ್ಕದ ಮನೆಗೆ ಹೋಗುತ್ತಾನೆ, ತನ್ನ ಪರವಾಗಿ ಒಂದು ಮಾತು ಹಾಕಿದರೆ ತಾನು ಕೇಳುವ ಕಷ್ಟವೇ ತಪ್ಪುತ್ತದಲ್ಲ ಎಂದು ಆರ್ವಿಲ್‌ಗೂ ಅನ್ನಿಸಿತು.

"ಮತ್ತೇನಿಲ್ಲ ಸಾರ್... ನನ್ನದೊಂದು ಏಣಿ ಅವರ ಹತ್ರ ಇದೆ. ನಾಲ್ಕು ವರ್ಷ ಆಯ್ತು."

ಅಧಿಕಾರಿ ಬರೆದುಕೊಂಡ. ಮ್ಯಾಕ್ಸೀನ್ ಕೇಕನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಅವಳ ಕಿವಿಗೆ ಬಿದ್ದದ್ದು ಊರಿಗೆ ಡಂಗುರ ಸಾರಿದ ಹಾಗೆಯೇ.

ಅಧ್ಯಕ್ಷರು ಹೆಸರಿಸಿದರೂ ಸೆನೆಟ್ ಮತ ಹಾಕಿ ಒಪ್ಪಿದರೇ ನೇಮಕ. ವಿರೋಧ ಪಕ್ಷದವರಿಗೆ ಹಿಂದಿನ ರಾತ್ರಿಯಿಡೀ ನಿದ್ದೆಯಿರಲಿಲ್ಲ. ಎಷ್ಟು ಕೆದಕಿದರೂ ಜಡ್ಜ್ ಹಾಲ್‌ವರ್ಸನ್ನರಲ್ಲಿ ಹುಳುಕು ಸಿಕ್ಕಿರಲಿಲ್ಲ. ಕುಡಿತವಿಲ್ಲ, ಜಗಳವಿಲ್ಲ, ನಾಯಿಗೂ ಅವರು ಏರುದನಿಯಲ್ಲಿ ಮಾತಾಡಿದವರಲ್ಲ. ಅಂಥ ಬರಗಾಲದಲ್ಲಿ ಏಣಿ ಸಿಕ್ಕಿತು. ಒಂದು ಗಂಟೆಯೊಳಗೆ ಆ ಪಕ್ಷದ ಸೆನೆಟರೊಬ್ಬರ ಸಹಾಯಕ ಟ್ರೆಂಟ್, ಆರ್ವಿಲ್‌ನ ಎರಡೂ ಕೈ ಹಿಡಿದುಕೊಂಡು ನಿಂತಿದ್ದ.

"ಸಾರ್, ನಿಮ್ಮ ಆಸ್ತೀನ ನಾಲ್ಕು ವರ್ಷ ಅಕ್ರಮವಾಗಿ ಇಟ್ಕೊಂಡಿದ್ದಾರೆ, ಅಲ್ವಾ?"

"ಅಕ್ರಮ ಏನಿಲ್ಲಪ್ಪ, ಪಾಪ, ಮರೆತಿರಬೇಕು."

"ಜಡ್ಜಿಗೆ ಮರೆವು!" ಟ್ರೆಂಟ್ ಫೋನಿಗೆ ಕೂಗಿದ. "ಬರ್ಕೊಳ್ರೋ, ಮರೆವೂ ಇದೆ!"

ಮಧ್ಯಾಹ್ನದ ಹೊತ್ತಿಗೆ ಆರ್ವಿಲ್‌ನ ಹುಲ್ಲುಹಾಸಿನ ಮೇಲೆ "ಇಂದು ಏಣಿ, ನಾಳೆ ನಿಮ್ಮ ಮನೆ" ಎಂಬ ಫಲಕಗಳು ಎದ್ದಿದ್ದವು. ಬೇಲಿಯಾಚೆ ಜಡ್ಜರ ಕಡೆಯವರು "ಏಣಿ ಒಂದು ನೆಪ, ಜಡ್ಜಿಗ್ಯಾಕೆ ಶಾಪ" ಎಂದು ಕೂಗುತ್ತಿದ್ದರು. ನಡುವೆ ಟಿವಿಯವರು. ಮ್ಯಾಕ್ಸೀನ್ ತುಟಿಗೆ ಬಣ್ಣ ಬಳಿದುಕೊಂಡು ಬಂದು, "ನಂಗೆ ಮೊದಲಿಂದಲೂ ಅನುಮಾನ ಇತ್ತು," ಎಂದು ಮೂರು ಚಾನೆಲ್ಲಿಗೆ ಹೇಳಿದಳು. ಯಾರ ಮೇಲೆ ಅನುಮಾನ ಎಂದು ಯಾರೂ ಕೇಳಲಿಲ್ಲ.

ಮೋಡ ಕಟ್ಟುತ್ತಿತ್ತು. ಆರ್ವಿಲ್ ಹೇಗೋ ನುಸುಳಿ ಬೇಲಿಯ ಹತ್ತಿರ ಹೋದ. ಜಡ್ಜ್ ಹಿತ್ತಲಲ್ಲಿ ನಿಂತಿದ್ದರು. ಪಕ್ಕದಲ್ಲಿ ಅವರ ಬಾಯಿ ಕಾಯುವುದಕ್ಕೆಂದೇ ಅಧ್ಯಕ್ಷರ ಕಡೆಯಿಂದ ಬಂದಿದ್ದ ಶೆಲ್ಬಿ ಎಂಬಾಕೆ.

"ಜಡ್ಜ್, ನನ್ನ ಏಣಿ..."

ಜಡ್ಜರ ಮುಖ ಅರಳಿತು. ಬಾಯಿ ತೆರೆದರು. ಶೆಲ್ಬಿ ಕೆಮ್ಮಿದಳು.

"ಆ ವಿಷಯ ಮುಂದೆ ನನ್ನೆದುರು ವಿಚಾರಣೆಗೆ ಬರಬಹುದು," ಎಂದರು ಜಡ್ಜ್ ತಲೆ ತಗ್ಗಿಸಿ. "ಈಗಲೇ ಅಭಿಪ್ರಾಯ ಹೇಳೋದು ಸರಿಯಲ್ಲ."

"ಅಭಿಪ್ರಾಯ ಯಾಕೆ ಸಾರ್, ಏಣಿ ಕೊಟ್ರೆ ಸಾಕು. ಅಲ್ಲೇ ಕಾಣ್ತಿದೆಯಲ್ಲ!"

"ಕೊಟ್ರೆ ತಪ್ಪು ಒಪ್ಕೊಂಡ ಹಾಗಾಗುತ್ತೆ," ಎಂದಳು ಶೆಲ್ಬಿ.

"ನೀವು ಇಸ್ಕೊಂಡ್ರೆ ಸಾಕ್ಷಿ ನಾಶ ಆಗುತ್ತೆ!" ಎಂದು ಟ್ರೆಂಟ್ ಓಡಿಬಂದು ಆರ್ವಿಲ್‌ನ ಅಂಗಿ ಹಿಡಿದು ಎಳೆದ.

ಅತ್ತ ದರಿ, ಇತ್ತ ಪುಲಿ, ಮನೆಯೊಳಗೆ ಡಾರ್ಲೀನ್.

ಮೊದಲ ಹನಿ ಬಿದ್ದಾಗ ಎರಡೂ ಕಡೆಯ ಜನ ಕಾರುಗಳೊಳಗೆ ಸೇರಿ ಪಿಜ್ಜಾ ತರಿಸಿಕೊಂಡರು. ಆರ್ವಿಲ್ ಇದೇ ಸಮಯವೆಂದು ಬೇಲಿಯ ಸಂದಿನಲ್ಲಿ ನುಸುಳಿದ. ಐವತ್ತೆಂಟರ ವಯಸ್ಸಿನಲ್ಲಿ ಜೀವನದ ಮೊದಲ ಸಾಹಸ. ಏಣಿಯನ್ನು ಹೆಗಲಿಗೇರಿಸಿದಾಗ ಹಳೆಯ ಗೆಳೆಯ ಸಿಕ್ಕಷ್ಟು ಸಂತೋಷವಾಯಿತು. ಅದೇ ಸಂತೋಷದಲ್ಲಿ ಗಿರಕ್ಕನೆ ತಿರುಗಿದ. ಏಣಿಯ ಹಿಂದಿನ ತುದಿ ಟಿವಿಯವರ ದೊಡ್ಡ ದೀಪಕ್ಕೆ ಬಡಿದು, ದೀಪ ಕಾರಿನ ಮೇಲೆ ಬಿದ್ದು, ಕಾರು ಬೊಬ್ಬಿಡತೊಡಗಿ, ಕ್ಯಾಮೆರಾಗಳೆಲ್ಲ ಒಮ್ಮೆಗೇ ಅವನತ್ತ ತಿರುಗಿದವು.

ಜಡ್ಜರ ಗ್ಯಾರೇಜಿನಿಂದ ಏಣಿ ಹೊತ್ತು ಬರುತ್ತಿರುವ ಗಂಡನನ್ನು ಡಾರ್ಲೀನ್ ಟಿವಿಯಲ್ಲಿ ನೋಡಿದಳು. ಒಹಾಯೋದಲ್ಲಿ ಅತ್ತೆಯೂ ನೋಡಿದರು.

ಪೊಲೀಸರು ಬಂದು ಏಣಿಯನ್ನೂ ಆರ್ವಿಲ್‌ನನ್ನೂ ಹಿಡಿದರು. "ನಂದೇ ಏಣಿ ಸ್ವಾಮೀ!" ಎಂದ.

"ಎಲ್ಲ ಕಳ್ಳರೂ ಹಾಗೇ ಅನ್ನೋದು," ಎಂದ ಪೊಲೀಸಿನವ.

"ಕದಿಯೋ ಮುಂಚೆ ನಮ್ಗೊಂದು ಮಾತು ಹೇಳ್ಬಾರ್ದಿತ್ತಾ ಸಾರ್?" ಎಂದು ಟ್ರೆಂಟ್ ಅಳುದನಿಯಲ್ಲಿ ಹೇಳಿ, ಫಲಕಗಳನ್ನು ಗಾಡಿಗೆ ತುಂಬಿಸಿಕೊಂಡು ಹೊರಟೇಹೋದ.

ಆಗ ಜಡ್ಜ್ ಕೊಡೆ ಹಿಡಿದು ಮೆಟ್ಟಿಲಿಳಿದು ಬಂದರು. ಶೆಲ್ಬಿ ಅವರ ಕಿವಿಯಲ್ಲಿ ಏನೋ ಉಸುರಿದಳು. ಜಡ್ಜ್ ಆರ್ವಿಲ್‌ನ ಹೆಗಲ ಮೇಲೆ ಕೈಯಿಟ್ಟು ಕ್ಯಾಮೆರಾಗಳತ್ತ ನೋಡಿದರು.

"ಈತ ನನ್ನ ನೆರೆಯವ. ಏನೋ ಕಷ್ಟ ಬಂದು ಏಣಿಗೆ ಕೈ ಹಾಕಿದ್ದಾನೆ. ನಾನು ಕ್ಷಮಿಸಿದ್ದೇನೆ. ಕೇಸು ಬೇಡ."

ವರದಿಗಾರರ ಕಣ್ಣು ಒದ್ದೆಯಾಯಿತು. ಅತ್ತಲೋ ಇತ್ತಲೋ ಎಂದು ತೂಗುತ್ತಿದ್ದ ಸೆನೆಟರಮ್ಮ ಒಬ್ಬಳು, ಯಾರ ಒಂದು ಮತದ ಮೇಲೆ ಎಲ್ಲವೂ ನಿಂತಿತ್ತೋ ಅವಳೇ, ಸಂಜೆಯ ಸುದ್ದಿಯಲ್ಲಿ ಕಾಣಿಸಿಕೊಂಡು, "ಇಂಥ ಕರುಣಾಳುವಿಗೆ ಅಲ್ಲದೆ ಇನ್ಯಾರಿಗೆ ನನ್ನ ಮತ?" ಎಂದಳು. ವಿರೋಧ ಅಲ್ಲಿಗೆ ಮುಗಿಯಿತು. ಪೊಲೀಸರು ಏಣಿಯನ್ನು ಮರ್ಯಾದೆಯಿಂದ ಜಡ್ಜರ ಗ್ಯಾರೇಜಿಗೇ ಸೇರಿಸಿ ಹೋದರು.

ಬೀದಿಯೆಲ್ಲ ಖಾಲಿಯಾದ ಮೇಲೆ ಬೇಲಿಯಾಚೆಯಿಂದ ಪಿಸುದನಿ ಬಂತು. "ಆರ್ವಿಲ್, ಏಣಿ ನಿಂದೇ ಅಂತ ನಂಗೊತ್ತಪ್ಪ."

"ಹಾಗಾದ್ರೆ ಕೊಟ್ಬಿಡಿ ಸಾರ್. ಮಳೆ ಜೋರಾಗ್ತಿದೆ."

"ಹೇಗೆ ಕೊಡ್ಲಿ? ನಿಂದು ಅಂದ್ರೆ ನೀನು ಕಳ್ಳ ಅಲ್ಲ. ನೀನು ಕಳ್ಳ ಅಲ್ಲ ಅಂದ್ರೆ ನಾನು ಕ್ಷಮಿಸಿದ್ದು ಯಾರನ್ನ?" ಜಡ್ಜ್ ಸ್ವಲ್ಪ ಯೋಚಿಸಿದರು. "ಒಂದು ಕೆಲಸ ಮಾಡು. ಈಗ ತಗೊಂಡು ಹೋಗಿರು. ನಾಳೆ ಬೆಳಗ್ಗೆ ಟಿವಿಯವರು ಬರ್ತಾರೆ, ಅವರ ಮುಂದೆ ವಾಪಸ್ ತಂದ್ಕೊಡು. ನೀನು ಸುಧಾರಿಸಿದ್ದೀಯ ಅಂತ ಜನಕ್ಕೂ ಗೊತ್ತಾಗ್ಲಿ."

ನಾಲ್ಕು ವರ್ಷದಿಂದ ನುಂಗಿಕೊಂಡ ಮಾತೆಲ್ಲ ಆರ್ವಿಲ್‌ನ ಗಂಟಲಿಗೆ ಬಂತು. ಬಾಯಿ ತೆರೆದ.

"ತುಂಬಾ ಉಪಕಾರ ಆಯ್ತು ಸಾರ್," ಎಂದ.

ಮಳೆಯಲ್ಲಿ ತೊಪ್ಪೆಯಾಗಿ ದೋಣಿಯ ಎಲೆಯನ್ನೆಲ್ಲ ಬಾಚಿ ಕೆಳಗಿಳಿದವನು, ಏಣಿಯನ್ನು ಡಾರ್ಲೀನಳ ಒಳ್ಳೆಯ ಟವೆಲಿನಿಂದಲೇ ಮೆಟ್ಟಿಲು ಮೆಟ್ಟಿಲಾಗಿ ಒರೆಸತೊಡಗಿದ.

"ಬೆಳಗ್ಗೆ ಬೇಗ ಎಬ್ಬಿಸು ಕಣೇ," ಎಂದ. "ವಾಪಸ್ ಕೊಡೋದು ತಡ ಆದ್ರೆ ಜಡ್ಜ್ ಏನಂದ್ಕೊಂಡಾರು!"