ಪುಟ್ಟತಾಯಮ್ಮನ ಇರುಳುಗಣ್ಣು

ದೇವಲಾಪುರದಲ್ಲಿ ಬಸ್ಸಿಳಿದ ಡಾಕ್ಟರ್ ಸುದರ್ಶನ ಮಾಡಿದ ತಪ್ಪು ಒಂದೇ. ಕೂಸಿನ ಹಾಗೆ ಎದೆಗವಚಿಕೊಂಡಿದ್ದ ಪೆಟ್ಟಿಗೆಯಲ್ಲಿ ಏನಿದೆಯೆಂದು ಮಂಗಳಮ್ಮ ಎನ್ನುವ ಹೆಂಗಸು ಕೇಳಿದಾಗ ನಿಜ ಹೇಳಿಬಿಟ್ಟ. "ಕ್ಯಾಮರಾ" ಎಂದ. ಆ ಮಾತು ಅವನಿಗಿಂತ ಮೊದಲೇ ಓಣಿ ಹೊಕ್ಕು, ಅವನು ಹುಡುಕಿಕೊಂಡು ಹೊರಟಿದ್ದ ಶಿವಣ್ಣನ ಮನೆ ಜಗಲಿಯೇರಿ ಕೂತಿತ್ತು. ಮಂಗಳಮ್ಮ ಆ ಮನೆಗೆ ಬೇಲಿಯಾಚೆಯ ನೆರೆ.

ಸುದರ್ಶನ ಶ್ರೀರಂಗಪಟ್ಟಣದ ಅರ್ಚಕರ ಮಗ. ಅಪ್ಪ ಜಯರಾಮಯ್ಯ ದೇವರ ಮುಖಕ್ಕೆ ದೀಪ ಹಿಡಿದು ಊರಿಗೆಲ್ಲ ತೋರಿಸಿದರೆ, ಮಗ ಊರವರ ಕಣ್ಣಿಗೆ ದೀಪ ಹಿಡಿದು ತಾನೊಬ್ಬನೇ ನೋಡುತ್ತಿದ್ದ. ಕಣ್ಣಿನ ಹಿಂಬದಿಯ ತೆಳು ಪರದೆ, ಅಂದರೆ ಅಕ್ಷಿಪಟಲಕ್ಕೆ ಬರುವ ರೋಗಗಳಿಗೆ ಮದ್ದು ಕೊಡುವುದು ಅವನ ಕೆಲಸ, ಅವುಗಳ ಮೂಲ ಹುಡುಕುವುದು ಅವನ ಹುಚ್ಚು. ವಂಶದಲ್ಲಿ ಹರಿದುಬರುವ ಇರುಳುಗುರುಡಿನ ಬಗ್ಗೆ ಹೈದರಾಬಾದಿನಲ್ಲಿ ದೊಡ್ಡ ದೊಡ್ಡ ಡಾಕ್ಟರುಗಳ ಮುಂದೆ ಮಾತಾಡುವ ಅವಕಾಶ ಸಿಕ್ಕಿತ್ತು. ಮಾತು ಬೇಕಾದಷ್ಟಿತ್ತು, ತೋರಿಸಲು ಒಂದು ಫೋಟೊ ಇರಲಿಲ್ಲ. "ಫೋಟೊ ಇಲ್ಲದ ಸಂಶೋಧನೆ ಅಡಗೂಲಜ್ಜಿ ಕತೆ ಕಣಯ್ಯಾ" ಎಂದಿದ್ದ ಹಿರಿಯ ಡಾಕ್ಟರು, ಇವತ್ತು ಬರಿಗೈಲಿ ಬಂದರೆ ನಾಳೆ ಬೇರೊಬ್ಬನನ್ನು ರೈಲು ಹತ್ತಿಸುವುದಾಗಿಯೂ ಹೇಳಿದ್ದರು. ಅವನ ಭಾಗ್ಯಕ್ಕೆ, ಶಿವಣ್ಣನ ತಾಯಿ ಪುಟ್ಟತಾಯಮ್ಮನಿಗೆ ಹೊತ್ತು ಮುಳುಗಿತೆಂದರೆ ಎದುರಿನ ಗೋಡೆಯೂ ಕಾಣುವುದಿಲ್ಲವೆಂದು ಆ ಕಡೆಯ ರೋಗಿಯೊಬ್ಬ ಬಾಯಿಬಿಟ್ಟಿದ್ದ.

ಆದರೆ ಆ ಮನೆಯ ಬಾಗಿಲಿಗೆ ಅವತ್ತು ಹೊಸ ತೋರಣ, ಒಳಗಿಂದ ಕೇಸರಿಬಾತಿನ ಘಮ. ಶಿವಣ್ಣನ ಮಗಳು ಹೇಮಶ್ರೀಯನ್ನು ನೋಡಲು ಶೀಳನೆರೆಯಿಂದ ಗಂಡಿನವರು ಬರುವವರಿದ್ದರು. ಬಂದವನು ಕಣ್ಣಿನ ಡಾಕ್ಟರೆಂದು ತಿಳಿದದ್ದೇ ಶಿವಣ್ಣನ ಮುಖ ಹುಳಿಮಜ್ಜಿಗೆ ಕುಡಿದಂತಾಯಿತು.

"ಅವ್ವಂಗೆ ಇರುಳೊತ್ತು ಕಣ್ ಕಾಣಲ್ಲ ಅಂತ ಗೊತ್ತಾದ್ರೆ ನನ್ ಮಗಳನ್ನ ಯಾರು ಸೋಮಿ ಒಪ್ಕಂಡಾರು? ಇನ್ನೊಂದ್ ದಿನ ಬನ್ನಿ."

ಇನ್ನೊಂದು ದಿನ ಅನ್ನುವುದು ಸುದರ್ಶನನ ಬಳಿ ಇರಲಿಲ್ಲ. ಅರ್ಚಕರ ಮಗ ನಾನು, ನಂಬಿ ಎಂದು ಅವನು ಗೋಗರೆಯುತ್ತಿರುವಾಗ ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಪುಟ್ಟತಾಯಮ್ಮ ವ್ಯಾಪಾರ ಕುದುರಿಸಿದಳು. ನಾಗಮಂಗಲದ ಸ್ಟುಡಿಯೋದವನು ಕೈಕೊಟ್ಟಿದ್ದ. ಡಾಕ್ಟರು ಫೋಟೊದವರೆಂದು ಹೇಳಿಕೊಂಡು ಕೂತರೆ, ಸಂಬಂಧ ಕುದುರಿದ ಮೇಲೆ ತನ್ನ ಎರಡು ಕಣ್ಣೂ ಅವರದೇ ಎಂದಳು.

"ಅಜ್ಜಿ, ಈ ಕ್ಯಾಮರಾ ಕಣ್ಣಿನ ಒಳಗಡೆ ಮಾತ್ರ ತೆಗಿಯತ್ತೆ."

"ಬಾವಿಗೆ ಬಿದ್ದ ಬಿಂದಿಗೆ ಎತ್ತೋನ್ಗೆ ಜಗಲಿ ಮ್ಯಾಲಿರೋ ಬಿಂದಿಗೆ ಎತ್ತಕ್ಕಾಗಕಿಲ್ವಾ? ಸುಮ್ಕೆ ಕೂತ್ಕಳಪ್ಪ."

ಅಷ್ಟರಲ್ಲಿ ಗಂಡಿನವರು ಬಂದೇಬಿಟ್ಟರು. ಹುಡುಗ ಮಂಜುನಾಥ ಇಸ್ತ್ರಿ ಮಾಡಿದ ಪಂಚೆಯ ಹಾಗೆ ಮಡಿಕೆ ಬಿಚ್ಚದೆ ಕೂತ. ಅವನ ಅಪ್ಪ ಚಿಕ್ಕಸ್ವಾಮಿ ಪೇಟ ಸರಿಮಾಡಿಕೊಂಡು, ಫೋಟೊ ಅಂದಮೇಲೆ ಮೊದಲು ಹಿರಿಯರದ್ದೇ ಆಗಬೇಕೆಂದು ಪಟ್ಟುಹಿಡಿದ. ಹೆದರಿಸಿದರೆ ಬಿಟ್ಟಾರೆಂದು ಸುದರ್ಶನ, ಈ ಫೋಟೊ ಕತ್ತಲೆ ಕೋಣೆಯಲ್ಲೇ ತೆಗೆಯಬೇಕು, ಮೊದಲು ಕಣ್ಣಿಗೆ ಹನಿ ಬಿಡಬೇಕು, ಆಮೇಲೆ ಒಂದಷ್ಟು ಹೊತ್ತು ಎಲ್ಲ ಮಂಜುಮಂಜಾಗುತ್ತೆ ಎಂದ. ಅದಕ್ಕೆ ಅಡ್ಡಬಂದವಳು ಮಂಗಳಮ್ಮ. ಹನಿ ಬಿಟ್ಟರೆ ಫೋಟೊದಲ್ಲಿ ಕಣ್ಣು ಪಳಪಳ ಹೊಳೆಯುತ್ತವಂತೆ, ಮೈಸೂರಿನ ಕಡೆ ಈಗ ಹಾಗೇ ಅಂತೆ ಎಂದು ಅವಳು ತನಗೇ ಗೊತ್ತಿಲ್ಲದ ವಿಷಯವನ್ನು ವಿವರಿಸಿದಳು. ತಗೋ, ಅಪ್ಪ ಮಗ ಇಬ್ಬರೂ ನೀರು ಕುಡಿಯುವ ಕೋಳಿಗಳ ಹಾಗೆ ಮುಖ ಮೇಲೆತ್ತಿ ನಿಂತರು.

ಹೇಮಶ್ರೀ ಕಾಫಿ ತರುವ ಹೊತ್ತಿಗೆ ಮಂಜುನಾಥನ ಕಣ್ಣು ಗೂಬೆಯ ಕಣ್ಣಿನಷ್ಟು ಅರಳಿತ್ತು. ಲೋಟವೆಂದು ಮಂಗಳಮ್ಮನ ಮೊಣಕೈ ಹಿಡಿದುಕೊಂಡ. ಹುಡುಗಿ ಹೇಗಿದ್ದಾಳೆಂದು ಕೇಳಿದರೆ, ಸುತ್ತ ಬೆಳಕೋ ಬೆಳಕು, ಮಾಲಕ್ಷ್ಮಿ ಕಂಡಂಗಾಯ್ತದೆ ಎಂದ. ಹೇಮಶ್ರೀ ಸೆರಗಿನಲ್ಲಿ ನಗು ಮುಚ್ಚಿಕೊಂಡು ಒಳಗೋಡಿದಳು. ಒಪ್ಪಿಗೆಯೆಂದೇ ಎಲ್ಲರೂ ತಿಳಿದರು.

ಇತ್ತ ಸುದರ್ಶನ ರಾಗಿಮೂಟೆಯ ಕೋಣೆಗೆ ಕಂಬಳಿ ಕಟ್ಟಿ ಕತ್ತಲು ಮಾಡಿ, ಬೇರೆ ದಾರಿಯಿಲ್ಲದೆ ಚಿಕ್ಕಸ್ವಾಮಿಯ ಕಣ್ಣಿಗೆ ಕ್ಯಾಮರಾ ಇಟ್ಟ. ಇಟ್ಟವನು ಮುಖ ಎತ್ತಲೇ ಇಲ್ಲ. ಕೆಂಪು ಪರದೆಯ ಅಂಚಿನುದ್ದಕ್ಕೂ ಹುಚ್ಚೆಳ್ಳು ಚೆಲ್ಲಿದಂತೆ ಕಪ್ಪು ಚುಕ್ಕೆಗಳು. ಹುಟ್ಟಿದಂದಿನಿಂದ ಹುಡುಕಿದ್ದರೂ ಇಂಥ ಅಚ್ಚುಕಟ್ಟಾದ ಇರುಳುಗುರುಡು ಸಿಗುತ್ತಿರಲಿಲ್ಲ. ರೀಲು ಮುಗಿಯುವ ತನಕ ಕ್ಲಿಕ್ಕಿಸಿ, "ಸಿಕ್ಬಿಡ್ತು" ಅಂದುಬಿಟ್ಟ.

ಚಿಕ್ಕಸ್ವಾಮಿ ಕತ್ತಲಲ್ಲಿ ತಡಕಾಡಿ ಅವನ ಮುಂಗೈ ಹಿಡಿದ. "ನೀವು ಫೋಟೊದೋರಲ್ಲ. ಹಾಸನದ ಡಾಕ್ಟ್ರೂ ಇಂಗೇ ಲೈಟು ಬುಟ್ಟಿದ್ರು. ಈ ಇಸ್ಯ ಆಚೆ ಬಿದ್ರೆ ಸಂಬಂಧ ಮುರಿತದೆ. ಕೊಡಿ ಇತ್ತಗೆ ರೀಲು."

ಹೆಸರು ಹಾಕುವುದಿಲ್ಲ, ಮುಖ ಕಾಣುವುದಿಲ್ಲ ಎಂದು ಸುದರ್ಶನ ಅಂಗಲಾಚಿದ.

"ಮುಖ ಕಾಣ್ದಿದ್ರೇನು, ಕಣ್ ನಂದಲ್ವಾ? ನಮ್ಮೂರೋರು ಗುರ್ತು ಹಿಡಿಯಾಕಿಲ್ವಾ?"

ರೋಗಿ ಒಲ್ಲೆ ಅಂದಮೇಲೆ ವೈದ್ಯ ಏನು ಮಾಡಿಯಾನು? ರೀಲು ಚಿಕ್ಕಸ್ವಾಮಿಯ ಜೇಬು ಸೇರಿತು. ಹೊರಗೆ ಮಾತುಕತೆ ಓಟದ ಪಂದ್ಯದಂತೆ ಮುಗಿಯಿತು. ಕತ್ತಲಾಗುವುದರೊಳಗೆ ಹೊರಡಬೇಕೆಂದು ಚಿಕ್ಕಸ್ವಾಮಿಗೆ ಅವಸರ, ಕತ್ತಲಾದರೆ ಅವ್ವ ಎಲ್ಲಿ ಗೋಡೆಗೆ ಗುದ್ದುತ್ತಾಳೋ ಎಂದು ಶಿವಣ್ಣನಿಗೆ ಅವಸರ. ಸೂರ್ಯ ಮುಳುಗಲು ಇನ್ನೂ ಮೀನಮೇಷ ಎಣಿಸುತ್ತಿದ್ದಾಗಲೇ ತಾಂಬೂಲ ಬದಲಾಗಿ, ಮದುವೆಯನ್ನು ನಟ್ಟನಡುಹಗಲಲ್ಲೇ ಮಾಡುವುದೆಂದು ಎರಡು ಕಡೆಯವರೂ ಒಕ್ಕೊರಲಿನಿಂದ ಒಪ್ಪಿದರು.

ಸುದರ್ಶನ ಎದೆಗುಂದಲಿಲ್ಲ. ಅಜ್ಜಿಯ ಕಣ್ಣು ಇನ್ನೂ ಬಾಕಿ ಇತ್ತಲ್ಲ. ಹೊಸ ರೀಲು ಹಾಕಿ, ಹನಿ ಬಿಟ್ಟು, ಅವಳನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ ಇಣುಕಿದ. ಒಂದು ಕಣ್ಣು ನೋಡಿದ, ಇನ್ನೊಂದು ನೋಡಿದ, ಮತ್ತೆ ಮೊದಲನೆಯದನ್ನು ನೋಡಿದ. ಹುಣ್ಣಿಮೆ ಚಂದ್ರನಿಗಾದರೂ ಕಲೆಯಿದೆ, ಈ ಪರದೆಗಿಲ್ಲ. ಕ್ಯಾಮರಾದ ದೀಪ ಆರಿಸಿ ಮುಚ್ಚಹೊರಟಾಗ ಮುಚ್ಚಳ ಜಾರಿ ನೆಲದ ಮೇಲೆ ಎತ್ತಲೋ ಉರುಳಿತು. ದೀಪವಾರಿದ ಕೋಣೆಯಲ್ಲಿ ಅವನು ಮೂಟೆಗಳ ಸಂದಿಯಲ್ಲಿ ತಡಕುತ್ತಿರುವಾಗ ಪುಟ್ಟತಾಯಮ್ಮ ಬಗ್ಗಿ ಎತ್ತಿ ಅವನ ಕೈಗಿಟ್ಟಳು.

"ತಗಾ. ನಿನ್ ಡಬ್ಬ ಇಷ್ಟು ನಿಯತ್ತಿಂದು ಅಂತ ನಂಗೊತ್ತಿರ್ನಿಲ್ಲ ಕಣಪ್ಪ."

"ಅಜ್ಜಿ, ನಿಮಗೆ ಕಣ್ಣು ಚೆನ್ನಾಗಿ ಕಾಣತ್ತೆ."

"ಮೆಲ್ಲಗೆ ಮಾತಾಡು. ಕಾಣಕಿಲ್ಲ ಅಂದಿದ್ಕೇ ಎಲ್ಲಾ ಕಾಣೋದು. ಸೊಸೆ ಡೈರಿ ಹಾಲಿಗೆ ನೀರು ಬೆರ್ಸೋದು, ಮಗ ಹಿತ್ಲಲ್ಲಿ ಬೀಡಿ ಸೇದೋದು, ಈ ಮಂಗಳಿ ನಮ್ ಬೇಲಿ ಸೌತೆಕಾಯಿ ಕೀಳೋದು. ಕಣ್ ಕಾಣೋರ ಮುಂದೆ ಯಾರು ಮಾಡ್ತಾರೆ? ಉಂಡ್ ತಟ್ಟೇನೂ ಎತ್ತಂಗಿಲ್ಲ. ನಿಮ್ಮಪ್ಪ ಪೂಜೆ ಮಾಡೋ ದೇವ್ರಾಣೆ, ಯಾರ್ಗೂ ಉಸುರ್ಬ್ಯಾಡ."

ಹಿರಿಯ ಡಾಕ್ಟರ ಮುಂದೆ ಹೇಳಲು ಸುದರ್ಶನನ ಬಳಿ ಈಗ ಉಳಿದದ್ದು ಅಪ್ಪಟ ಅಜ್ಜಿಕತೆ ಒಂದೇ. ಅದನ್ನೂ ಹೇಳುವಂತಿರಲಿಲ್ಲ.

ಹೊರಗೆ ಬಂದಾಗ ಹೊತ್ತು ಮುಳುಗಿ, ಕರೆಂಟೂ ಹೋಗಿತ್ತು. ಕಡೆಯ ಬಸ್ಸಿನ ಹಾರನ್ನು ಕೇಳಿ ಅವನು ಪೆಟ್ಟಿಗೆ ಅವಚಿಕೊಂಡು ಕತ್ತಲಿಗೆ ಓಡಿದ. ಜಗಲಿಯ ಮೇಲೆ ಸೊಸೆ ಬೈರಮ್ಮ ಅತ್ತೆಯ ಕೈಹಿಡಿದು, ಹೊಸಲು, ಮೆಟ್ಟಿಲು ಎಂದು ಒಂದೊಂದನ್ನೂ ಹೇಳಿ ನಡೆಸುತ್ತಿದ್ದಳು. ಅಷ್ಟರಲ್ಲಿ ಓಣಿಯ ಕಡೆಯಿಂದ ದೊಪ್ಪನೆ ಸದ್ದಾಯಿತು.

"ಅದೇನವ್ವಾ ಸದ್ದು?" ಎಂದ ಶಿವಣ್ಣ, ಬೆಂಕಿಪೊಟ್ಟಣಕ್ಕೆ ತಡಕಾಡುತ್ತ.

"ಕಣ್ ಕಾಣ್ದೋಳ್ಗೆ ನಂಗೇನ್ಲಾ ಗೊತ್ತು ಮಗಾ" ಎಂದಳು ಪುಟ್ಟತಾಯಮ್ಮ. "ಡಾಕ್ಟ್ರು ನಮ್ ಗೊಬ್ಬರದ ಗುಂಡೀಲಿ ಸೊಂಟದ್ಗಂಟ ಮುಳುಗವ್ರೆ, ಪೆಟ್ಟಿಗೇನ ತಲೆ ಮ್ಯಾಲೆ ಎತ್ತಿ ಹಿಡ್ಕಂಡವ್ರೆ, ಅಷ್ಟೇಯ."