ಮುನಿಸಿಕೊಳ್ಳಬಹುದಾದ ಬಂಧುಗಳ ಪಟ್ಟಿ

ಮಗಳ ಮದುವೆಗೆ ವಿಮೆ ಮಾಡಿಸಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸಲು, ಆರ್.ಕೆ.ಪುರಂ ಸರ್ಕಾರಿ ಕ್ವಾರ್ಟರ್ಸಿನ ನಿವಾಸಿ, ಸೆಕ್ಷನ್ ಆಫೀಸರ್ ಶ್ರೀ ಬಸವರಾಜ ಅವರು ಮನೆಯಲ್ಲಿ ಒಂದು ಕಡತ ತೆರೆದರು. ಮೂವತ್ತು ವರ್ಷಗಳ ಸೇವೆಯಲ್ಲಿ ಅವರು ಕಡತವಿಲ್ಲದೆ ತೀರ್ಮಾನಿಸಿದ್ದು ಎರಡೇ ವಿಷಯ, ಎರಡೂ ಕೈಕೊಟ್ಟಿದ್ದವು. ಒಂದು, ಏರ್ ಕೂಲರ್. ಇನ್ನೊಂದು ಯಾವುದೆಂದು ಪತ್ನಿ ಪದ್ಮಾ ಇದುವರೆಗೆ ಕೇಳಿಲ್ಲ.

ಕಡತ ಮೊದಲು ಅಡುಗೆಮನೆಗೆ ಹೋಯಿತು. ಪದ್ಮಾ ಅದರಲ್ಲಿ "ನೋಡಿದೆ. ಸಾರು ಆರುತ್ತಿದೆ" ಎಂದು ಟಿಪ್ಪಣಿ ಬರೆದು ಹಿಂದಿರುಗಿಸಿದರು. ಇದನ್ನು ತಾತ್ವಿಕ ಒಪ್ಪಿಗೆ ಎಂದು ಪರಿಗಣಿಸಲಾಯಿತು.

ವಿಮಾ ಏಜೆಂಟ್ ಇಂದುಶೇಖರ ಭಾನುವಾರ ಬಂದು ಎರಡು ಲೋಟ ಕಾಫಿ ಕುಡಿದು ವಿವರಿಸಿದ. ಮಳೆ, ಬೆಂಕಿ, ಕರೆಂಟು, ಚಳಿಗಾಲದ ಮಂಜಿಗೆ ವಿಮಾನ ತಡವಾಗುವುದು, ಎಲ್ಲವೂ ಪಾಲಿಸಿಯಲ್ಲಿ ಸೇರಿದ್ದವು.

"ಅಚ್ಛಾ ಸರ್, ಆದರೆ ನಮ್ಮ ಜನರ ಮದುವೆ ಮಳೆಗೆ ನಿಲ್ಲಲ್ಲ," ಎಂದ. "ಕಲಂ ಹದಿನಾಲ್ಕು ನೋಡಿ."

ಕಲಂ ಹದಿನಾಲ್ಕರಲ್ಲಿ ಮುನಿಸಿಕೊಳ್ಳಬಹುದಾದ ಬಂಧುಗಳ ಹೆಸರು, ವಿಳಾಸ, ಹಿಂದಿನ ಮುನಿಸುಗಳ ವಿವರ ಕೇಳಲಾಗಿತ್ತು. ಬಸವರಾಜರು ಒಂದು ಕ್ಷಣವೂ ಯೋಚಿಸದೆ ಭಾವಮೈದುನ ನಾರಾಯಣಸ್ವಾಮಿಯ ಹೆಸರು ಬರೆದರು. ಮದುಮಗಳನ್ನು ಮಂಟಪಕ್ಕೆ ಕರೆತರಬೇಕಾದ ಸೋದರಮಾವ ಅವರೇ. ಹಿಂದೊಂದು ಮದುವೆಯಲ್ಲಿ ತಮಗಿಂತ ಮುಂಚೆ ಫೋಟೋಗ್ರಾಫರಿಗೆ ಕಾಫಿ ಕೊಟ್ಟರೆಂದು ಮುಹೂರ್ತ ಮುಗಿಯುವವರೆಗೆ ಕಾರಿನೊಳಗೆ ಕೂತಿದ್ದವರು.

ನಿಯಮದ ಪ್ರಕಾರ ಫಾರಂಗೆ ಅವರದೇ ಸಹಿ ಬೇಕಿತ್ತು. ನೋಯ್ಡಾದಿಂದ ಮೆಟ್ರೋ ಹಿಡಿದು ಬಂದವರು ಫಾರಂ ಎರಡು ಸಲ ಓದಿ, ಕನ್ನಡಕ ಒರೆಸಿಕೊಂಡರು. ತಮ್ಮ ಮುನಿಸಿಗೆ ಒಂದು ಕಂಪನಿ ಇಷ್ಟು ಬೆಲೆ ಕೊಟ್ಟಿದ್ದು ಇದೇ ಮೊದಲು. ಸಹಿ ಮಾಡಿ, ಫೋಟೋ ತೆಗೆದು, ಬಂಧುಗಳ ವಾಟ್ಸ್ಯಾಪ್ ಗುಂಪಿಗೆ ಹಾಕಿದರು.

ಅರ್ಧ ಗಂಟೆಯಲ್ಲಿ ಬಸವರಾಜರ ಅಕ್ಕ ರತ್ನಮ್ಮ ಫೋನ್ ಮಾಡಿದರು. "ಅವನ ಹೆಸರು ಹಾಕಿದೀಯಂತೆ. ನಾನೇನು ಮುನಿಸಿಕೊಳ್ಳೋ ಯೋಗ್ಯತೆ ಇಲ್ಲದವಳಾ?"

ಅಲ್ಲಿಂದಾಚೆಗೆ ಅರ್ಜಿಗಳ ಸುರಿಮಳೆ. ಒಬ್ಬರು ಯಾವುದೋ ಗೃಹಪ್ರವೇಶದಲ್ಲಿ ತಾವು ಎಲೆ ಬಿಟ್ಟು ಏಳುತ್ತಿರುವ ಫೋಟೋ ಲಗತ್ತಿಸಿದ್ದರು. ದಾಖಲೆ ಪರಿಶೀಲನೆಗೆ ನಾರಾಯಣಸ್ವಾಮಿಯವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ಅರವತ್ತಮೂರು ಮಂದಿ ಆಯ್ಕೆಯಾದರು. ಉಳಿದವರಿಗೆ, ಪಟ್ಟಿಯಲ್ಲಿ ಹೆಸರಿಲ್ಲವೆಂದು ಮುನಿಸಿಕೊಂಡರೆ ಅದನ್ನು ಮುನಿಸೆಂದು ಪರಿಗಣಿಸಲಾಗುವುದಿಲ್ಲವೆಂದು ಲಿಖಿತವಾಗಿ ತಿಳಿಸಲಾಯಿತು.

ಮುಹೂರ್ತಕ್ಕೆ ಐದು ದಿನವಿರುವಾಗ ಕಂಪನಿಯ ಪತ್ರ ಬಂತು. ಪಟ್ಟಿಯನ್ನು ಪರಿಶೀಲಿಸಲಾಗಿ, ಇಷ್ಟು ಜನ ಬಂಧುಗಳ ಸಮಕ್ಷಮದಲ್ಲಿ ಮದುವೆ ನಡೆಸುವುದು ಪಾಲಿಸಿಯ ಹಿತಕ್ಕೆ ಮಾರಕವೆಂದು ಕಂಡುಬಂದಿದೆ. ಆದ್ದರಿಂದ ಬಂಧುಗಳನ್ನಾಗಲಿ ಮದುವೆಯನ್ನಾಗಲಿ, ಯಾವುದಾದರೊಂದನ್ನು ಕೈಬಿಟ್ಟಲ್ಲಿ ಪಾಲಿಸಿ ಮಂಜೂರು ಮಾಡಲಾಗುವುದು.

ಸಮಿತಿ ಸುದೀರ್ಘವಾಗಿ ಚರ್ಚಿಸಿತು. ಸಹಿ ಹಾಕಿದ ಬಂಧುಗಳನ್ನು ಕೈಬಿಡಲು ಅವಕಾಶವಿರಲಿಲ್ಲ. ಛತ್ರ ಗೊತ್ತಾಗಿತ್ತು, ಅಡುಗೆಯವರು ಗೊತ್ತಾಗಿದ್ದರು. ಮದುವೆಯೇ ನಡೆಯದಿದ್ದರೆ ಅದಕ್ಕೆ ವಿಘ್ನ ಬರುವ ಸಂಭವವೂ ಇಲ್ಲವೆಂಬುದನ್ನು ನಾರಾಯಣಸ್ವಾಮಿ ಗಮನಕ್ಕೆ ತಂದರು. ಸರ್ವಾನುಮತದಿಂದ, ಅದೇ ಛತ್ರದಲ್ಲಿ, ಅದೇ ಮುಹೂರ್ತಕ್ಕೆ ವಿಮೆ ಮಾಡಿಸಲು ನಿರ್ಧರಿಸಲಾಯಿತು.

ಮದುಮಗಳು ಇಂಚರಾ ಮಾನೇಸರಿನ ಕಾರ್ಖಾನೆಯ ಕೆಲಸದಿಂದ ಬಂದು ಬ್ಯಾಗ್ ಇಡುವ ಮೊದಲೇ ಅವಳಿಗೆ ಈ ಸಿಹಿಸುದ್ದಿ ಹೇಳಿದರು. ಹೌಜ್ ಖಾಸಿನಲ್ಲಿ ಸಂಶೋಧನೆ ಮಾಡುತ್ತಿದ್ದ ಮದುಮಗ ಚಿರಂತನಿಗಾಗಿ ಅವಳು ಆರು ವರ್ಷ ಕಾದಿದ್ದಳು.

"ಅಪ್ಪಾ, ತೋ ಫಿರ್, ಹಾಗಾದ್ರೆ ನನ್ನ ಮದುವೆ?"

ಬಸವರಾಜರು ಕಡತವನ್ನು ಮೊದಲ ಪುಟದಿಂದ ತಿರುವಿ ನೋಡಿದರು. "ಇದರಲ್ಲಿ ನಿನ್ನ ಮದುವೆಯ ಪ್ರಸ್ತಾಪವೇ ಇಲ್ಲಮ್ಮ. ವಿಷಯ ಇರೋದು ವಿಮೆ."

ಅವಳು ಕೋಣೆಗೆ ಹೋಗಿ ಅತ್ತಳು. ಅದು ನಿಜವಾದ ಅಳು, ನಮೂದಿಸಲು ಯಾವ ಕಲಂ ಇರಲಿಲ್ಲ. ಆದರೆ ಅಪ್ಪನ ಕಡತಗಳ ನಡುವೆಯೇ ಬೆಳೆದ ಹುಡುಗಿ ಅವಳು. ಮೊದಲ ಟಿಪ್ಪಣಿ ಬಿದ್ದ ದಿನವೇ, ಯಾವುದಕ್ಕೂ ಇರಲಿ ಎಂದು ಚಿರಂತನ ಜೊತೆ ಹೋಗಿ ವಿವಾಹ ನೋಂದಣಿ ಕಚೇರಿಗೆ ಒಂದು ತಿಂಗಳ ನೋಟೀಸು ಕೊಟ್ಟು ಬಂದಿದ್ದಳು. ಆ ಅವಧಿ ಈಗ ಮುಗಿದಿತ್ತು. ಬಾಗಿಲಲ್ಲಿ ನಿಂತಿದ್ದ ಪದ್ಮಾ, ಮುಹೂರ್ತದ ದಿನವಾದ ಶುಕ್ರವಾರ ಆ ಕಚೇರಿಗೆ ಎಷ್ಟು ಗಂಟೆಗೆ ಬರಬೇಕೆಂದು ಮಾತ್ರ ಕೇಳಿದರು.

ಶುಕ್ರವಾರ ಹತ್ತೂವರೆಗೆ ನೋಂದಣಿ ಕಚೇರಿಯಲ್ಲಿ ಮದುವೆಯಾಯಿತು. ಚಿರಂತನ ಗೆಳೆಯರಿಬ್ಬರ ಸಹಿಯ ಕೆಳಗೆ ಪದ್ಮಾ ಮೂರನೆಯ ಸಾಕ್ಷಿಯಾಗಿ ಸಹಿ ಮಾಡಿ, ಪಕ್ಕದಲ್ಲಿ "ನೋಡಿದೆ" ಎಂದು ಬರೆದರು. ಸಾರಿನ ಪ್ರಸ್ತಾಪ ಮಾಡಲಿಲ್ಲ. ಕಣ್ಣೊರೆಸಿಕೊಂಡು ಆಟೋ ಕರೆದರು.

ಅವರು ಛತ್ರ ತಲುಪುವ ವೇಳೆಗೆ ಮುಹೂರ್ತ ಕೂಡಿಬಂದಿತ್ತು. ನಾರಾಯಣಸ್ವಾಮಿ ರೇಷ್ಮೆ ಶಲ್ಯ ಹೊದ್ದು, ಪಾಲಿಸಿಯನ್ನು ಬೆಳ್ಳಿತಟ್ಟೆಯಲ್ಲಿಟ್ಟು, ನಿಧಾನವಾಗಿ ಮಂಟಪಕ್ಕೆ ಕರೆತಂದರು. ಓಲಗ ಮೊಳಗಿತು. ಅರವತ್ತಮೂರು ಮಂದಿ ಅಕ್ಷತೆ ಹಾಕಿದರು. ಬಸವರಾಜರಿಗೆ ದುಃಖ ಉಕ್ಕಿ ಬಂತು, ಇಷ್ಟು ದಿನ ಮನೆಯಲ್ಲಿದ್ದ ಕಡತ ಇನ್ನು ಕಂಪನಿಗೆ ಹೋಗುತ್ತದಲ್ಲ ಎಂದು. ಯಾರೂ ಮುನಿಸಿಕೊಳ್ಳಲಿಲ್ಲ.

ಊಟದ ಮೊದಲ ಪಂಕ್ತಿ ಪಟ್ಟಿಯಲ್ಲಿದ್ದವರಿಗೆ ಮೀಸಲಾಗಿತ್ತು. ಕೊರಳಲ್ಲಿ ಹಾರವಿದ್ದ ಇಂಚರಾ, ಚಿರಂತ ಗೋಡೆ ಪಕ್ಕ ನಿಂತು ಕಾಯುತ್ತಿದ್ದರು. ಹೋಳಿಗೆ ಮುರಿಯುತ್ತಿದ್ದ ರತ್ನಮ್ಮ ತಲೆಯೆತ್ತಿ ನೋಡಿದರು.

"ಏನೇ, ಹಾರ ಹಾಕ್ಕೊಂಡಿದೀಯ?"

"ಮದುವೆ ಆಯ್ತು ಅತ್ತೆ. ಹತ್ತೂವರೆಗೆ."

ರತ್ನಮ್ಮ ಹೋಳಿಗೆ ಎಲೆಯ ಮೇಲಿಟ್ಟು, ಅಕ್ಕಪಕ್ಕ ನೋಡಿ ದನಿ ತಗ್ಗಿಸಿದರು. "ವಿಮೆ ಇಲ್ಲದೇನಾ?"

ಇಲ್ಲವೆಂದು ಇಂಚರಾ ತಲೆಯಾಡಿಸಿದಳು. ಈಗಿನ ಹುಡುಗರಿಗೆ ಭಯವೇ ಇಲ್ಲವೆಂದು ಇಡೀ ಪಂಕ್ತಿ ಒಪ್ಪಿಕೊಂಡಿತು.